ತರಗತಿ ಮುಗಿದ ಮೇಲಿನ ಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲವೂ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದವು. ಪಾಠ ಒಂದಷ್ಟು ತರಗತಿಯಲ್ಲಿ, ಒಂದಷ್ಟು ಆನ್‌ಲೈನ್‌ನಲ್ಲಿ ನಡೆಯುವ ಕಡೆ, ಹಿಂದೆ ಬಿದ್ದ ವಿದ್ಯಾರ್ಥಿಗೆ ಪಾಠದ ಅವಧಿಯ ಹೊರಗೆ ಹೇಗೆ ನೆರವಾಗಬೇಕು ಎಂಬುದೇ ಎಲ್ಲರ ಪ್ರಶ್ನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ. ಉದ್ದದ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನಾನು ಖಾಸಗಿ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷದವರಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ವಾರದಲ್ಲಿ ಮೂರು ದಿನ ತರಗತಿ, ಎರಡು ದಿನ ಆನ್‌ಲೈನ್. ಸಂದೇಹ ಪರಿಹಾರಕ್ಕೆಂದು ಬುಧವಾರ ಸಂಜೆ 5ರಿಂದ 6ರವರೆಗೆ ಗೂಗಲ್ ಮೀಟ್ ತೆರೆದು ಕುಳಿತಿರುತ್ತೇನೆ. 60 ಜನರಲ್ಲಿ ಬರುವವರು ಇಬ್ಬರೋ ಮೂವರೋ. ಆದರೆ ಇಂಟರ್ನಲ್ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದರವರೆಗೂ ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಇವರಿಗೆ ನಿಜವಾಗಿ ಸಹಾಯ ಬೇಕಾಗಿದೆಯೇ?
ಉಪನ್ಯಾಸಕಿ, ದಾವಣಗೆರೆ

ಉತ್ತರ: ಬೇಕಾಗಿದೆ, ಆದರೆ ನೀವು ಇಟ್ಟಿರುವ ಹೊತ್ತಿನಲ್ಲಿ, ಇಟ್ಟಿರುವ ರೀತಿಯಲ್ಲಿ ಅದು ಅವರಿಗೆ ಸಿಗುತ್ತಿಲ್ಲ. ಮೊದಲು ಹೊತ್ತನ್ನೇ ನೋಡಿ. ಜಗಳೂರು, ಮಲೇಬೆನ್ನೂರು, ಹರಿಹರದ ಕಡೆಯ ಹಳ್ಳಿಗಳಿಂದ ಬರುವ ಹುಡುಗ ಸಂಜೆ 5ಕ್ಕೆ ಬಸ್ಸಿನಲ್ಲಿ ನಿಂತಿರುತ್ತಾನೆ, ಇಲ್ಲವೇ ಬಸ್ಸಿಗಾಗಿ ನಿಂತಿರುತ್ತಾನೆ. ಊರಲ್ಲೇ ಮನೆಯಿರುವವರಲ್ಲಿ ಕೆಲವರು ಆ ವೇಳೆಗೆ ಬಟ್ಟೆ ಅಂಗಡಿಗೋ ಮೊಬೈಲ್ ಅಂಗಡಿಗೋ ಕೆಲಸಕ್ಕೆ ಹೋಗಿರುತ್ತಾರೆ. ಹುಡುಗಿಯರಿಗೆ ಮನೆ ಸೇರಿದೊಡನೆ ಮನೆಗೆಲಸ ಕಾದಿರುತ್ತದೆ. ಎಲ್ಲರಿಗೂ ಬಿಡುವಿರುವ ಗಂಟೆಯೊಂದನ್ನು ಊಹಿಸುವ ಬದಲು, ಯಾರು ಎಲ್ಲಿಂದ ಬರುತ್ತಾರೆ, ಯಾವ ಬಸ್ಸಿಗೆ ಹೋಗುತ್ತಾರೆ, ಸಂಜೆ ಏನು ಮಾಡುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡರೆ ನಿಮ್ಮ ವೇಳಾಪಟ್ಟಿಯ ಅರ್ಧ ಕೆಲಸ ಮುಗಿಯುತ್ತದೆ.

ಆದರೆ ಹೊತ್ತು ಬದಲಿಸಿದ ಮಾತ್ರಕ್ಕೆ ಅವರು ಬಂದುಬಿಡುತ್ತಾರೆಂದು ನಾನು ಹೇಳಲಾರೆ. ಸಹಾಯ ಹೆಚ್ಚು ಬೇಕಾದ ವಿದ್ಯಾರ್ಥಿಗಳೇ ಅದನ್ನು ಕೇಳಲು ಹೆಚ್ಚು ಹಿಂಜರಿಯುತ್ತಾರೆ ಎಂಬುದು ಶಿಕ್ಷಣ ಮನೋವಿಜ್ಞಾನದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ, ಮತ್ತು ಅದರ ಕಾರಣ ಸೋಮಾರಿತನವೇ ಆಗಿರಬೇಕಿಲ್ಲ. ಪಾಠ ಮುಕ್ಕಾಲು ತಿಳಿದವನಿಗೆ ಉಳಿದ ಕಾಲು ಭಾಗದ ಬಗ್ಗೆ ಪ್ರಶ್ನೆ ಹುಟ್ಟುತ್ತದೆ. ಮೊದಲ ವಾರದಲ್ಲೇ ದಾರಿ ತಪ್ಪಿದವನಿಗೆ ಏನನ್ನು ಕೇಳಬೇಕೆಂಬುದೇ ತೋಚುವುದಿಲ್ಲ. ಅಂಥವನು ಮೀಟ್‌ನಲ್ಲಿ ನಿಮ್ಮೆದುರು ಒಬ್ಬನೇ ಬಂದು ಕುಳಿತು ಏನು ಹೇಳಿಯಾನು? ಅಳುವ ಮಗುವಿಗೇ ಹಾಲು ಎಂಬಂತೆ ಈ ಅವಧಿಯನ್ನು ನಡೆಸಿದರೆ ಪ್ರತಿ ವಾರ ಬರುವವರು ಮುಂದಿನ ಬೆಂಚಿನ ಆ ಮೂವರೇ, ಅವರಿಗೆ ನೀವಿಲ್ಲದೆಯೂ ನಡೆಯುತ್ತದೆ.

ಆದ್ದರಿಂದ ಕರೆಯುವ ಕೆಲಸ ನಿಮ್ಮದಾಗಲಿ. ತರಗತಿಯ ಕೊನೆಯ ಹತ್ತು ನಿಮಿಷದಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಳೆಯ ಮೇಲೆ ಮಾಡಿಸಿ ತೆಗೆದುಕೊಳ್ಳಿ. ಅಂತಿಮ ಲೆಕ್ಕಪತ್ರಗಳನ್ನೇ ತೆಗೆದುಕೊಳ್ಳೋಣ. ಕೊಡಬೇಕಾಗಿ ಉಳಿದ ಬಾಡಿಗೆಯನ್ನು ಲಾಭ-ನಷ್ಟ ಖಾತೆಯಲ್ಲಿ ಬಾಡಿಗೆಗೆ ಸೇರಿಸಿ, ಬ್ಯಾಲೆನ್ಸ್ ಶೀಟ್‌ನ ಹೊಣೆಗಾರಿಕೆಯ ಬದಿಯಲ್ಲಿ ತೋರಿಸಲು ಮರೆತವರು ನಿಮಗೆ ಹತ್ತಾರು ಜನ ಸಿಗುತ್ತಾರೆ. ಸವಕಳಿಯನ್ನು ಆಸ್ತಿಯಿಂದ ಕಳೆದು ಲಾಭ-ನಷ್ಟ ಖಾತೆಯನ್ನು ಮರೆತವರು ಇನ್ನೊಂದು ಗುಂಪು. ಇವೆರಡೂ ಒಂದೇ ತಪ್ಪಿನ ಎರಡು ರೂಪಗಳು: ತಾಳೆಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ಹೊರಗೆ ಕೊಟ್ಟ ಪ್ರತಿಯೊಂದು ಹೊಂದಾಣಿಕೆಯೂ ಎರಡು ಕಡೆ ಬರಬೇಕು ಎಂಬುದು ಅವರ ಮನಸ್ಸಿನಲ್ಲಿ ನಿಂತಿಲ್ಲ. ಹೀಗೆ ತಪ್ಪಿನ ಪ್ರಕಾರ ಐದೈದು ಜನರ ಗುಂಪು ಮಾಡಿ, ‘ಯಾರಿಗಾದರೂ ಸಂದೇಹವಿದೆಯೇ’ ಎಂಬ ಮಾತನ್ನು ಬಿಟ್ಟು, ‘ನೀವು ಐವರು ಗುರುವಾರ 11ಕ್ಕೆ ಕಾಲು ಗಂಟೆ ಬನ್ನಿ, ಈ ಒಂದು ಸಾಲನ್ನು ಸರಿಪಡಿಸೋಣ’ ಎಂದು ಹೇಳಿ. ಐದು ಜನರ ಹನ್ನೆರಡು ಗುಂಪಿಗೆ ಕಾಲು ಗಂಟೆಯಂತೆ ಲೆಕ್ಕ ಹಾಕಿದರೆ ಮೂರು ಗಂಟೆ. ನೀವು ಈಗ ಖಾಲಿ ಮೀಟ್‌ನ ಮುಂದೆ ಮೂರು ವಾರದಲ್ಲಿ ಕಳೆಯುತ್ತಿರುವುದೂ ಅಷ್ಟೇ. ಸೆಮಿಸ್ಟರಿನ ಮೊದಲ ಸುತ್ತಿಗೆ ಎಲ್ಲರನ್ನೂ ಕರೆಯಿರಿ, ಚೆನ್ನಾಗಿ ಓದುವವರನ್ನೂ ಬಿಡಬೇಡಿ. ಹಿಂದುಳಿದವರನ್ನು ಮಾತ್ರ ಕರೆದರೆ ಆ ಕೋಣೆಗೆ ಒಂದು ಹಣೆಪಟ್ಟಿ ಅಂಟಿಕೊಳ್ಳುತ್ತದೆ, ಆಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ.

ಈ ಭೇಟಿಯನ್ನು ಆನ್‌ಲೈನ್ ದಿನಗಳಿಗೆ ತಳ್ಳಬೇಡಿ. ಮಿಶ್ರ ಪದ್ಧತಿಯನ್ನು ಹೊಸದಾಗಿ ಅಳವಡಿಸಿಕೊಂಡ ಕಾಲೇಜುಗಳಲ್ಲಿ ಉಪನ್ಯಾಸವನ್ನು ತರಗತಿಯಲ್ಲಿ ಮಾಡಿ, ಸಂದೇಹಗಳನ್ನು ಆನ್‌ಲೈನ್‌ಗೆ ಬಿಡುವ ರೂಢಿ ಬಂದಿದೆ. ನನ್ನ ಮಟ್ಟಿಗೆ ಇದು ತಿರುಗುಮುರುಗಾದ ವ್ಯವಸ್ಥೆ. ವಿವರಣೆಯನ್ನು ವೀಡಿಯೊದಲ್ಲಿ ಎರಡು ಸಲ ಕೇಳಬಹುದು, ಆದರೆ ಪೆನ್ನು ಎಲ್ಲಿ ನಿಂತಿತು ಎಂಬುದನ್ನು ಎದುರು ಕುಳಿತೇ ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಮಿಶ್ರ ಕಲಿಕೆಯ ಟಿಪ್ಪಣಿ ಪ್ರತಿ ವಿಷಯದ ಶೇ. 40ರವರೆಗಿನ ಭಾಗವನ್ನು ಆನ್‌ಲೈನ್‌ನಲ್ಲಿ ಕಲಿಸಬಹುದೆಂದು ಸೂಚಿಸಿದಾಗ, ಅಧ್ಯಾಪಕರ ಪಾತ್ರ ಮಾಹಿತಿ ಕೊಡುವುದರಿಂದ ಮಾರ್ಗದರ್ಶನ ಮಾಡುವ ಕಡೆಗೆ ಸಾಗಬೇಕೆಂದೂ ಹೇಳಿತ್ತು. ಮೊದಲ ಮಾತನ್ನು ಕಾಲೇಜುಗಳು ಚೆನ್ನಾಗಿ ನೆನಪಿಟ್ಟುಕೊಂಡಿವೆ.

ಜಾಗವೂ ಮುಖ್ಯ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ‘ಮೇ ಐ ಕಮ್ ಇನ್ ಮೇಡಂ’ ಎಂದು ಕೇಳಿ, ಇನ್ನೂ ನಾಲ್ವರು ಅಧ್ಯಾಪಕರ ಕಣ್ಣೆದುರು ತನ್ನ ದಡ್ಡತನವನ್ನು ಬಿಚ್ಚಿಡಬೇಕಾದ ವಿದ್ಯಾರ್ಥಿ ಮತ್ತೊಮ್ಮೆ ಬರುವುದಿಲ್ಲ. ಗ್ರಂಥಾಲಯದ ಒಂದು ಮೂಲೆಯ ಮೇಜೋ, ಖಾಲಿ ಇರುವ ತರಗತಿಯೋ ಸಾಕು.

ಇನ್ನೊಂದು ಸಂಗತಿಯನ್ನು ನಿಮ್ಮ ಪತ್ರ ಹೇಳುವುದಿಲ್ಲ, ಆದರೆ ನಿಮ್ಮ ಊರಿನ ಕಾಲೇಜುಗಳನ್ನು ಬಲ್ಲವರು ಊಹಿಸಬಹುದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ನಿಮ್ಮ ತರಗತಿಯಲ್ಲಿ ಬಹಳ ಮಂದಿ ಇರುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಲೆಕ್ಕ ಬರುತ್ತದೆ, ಪ್ರಶ್ನೆಪತ್ರಿಕೆಯ ಇಂಗ್ಲಿಷ್ ವಾಕ್ಯ ಬಿಡಿಸಲು ಬರುವುದಿಲ್ಲ. ಕಾಲು ಗಂಟೆಯ ಆ ಭೇಟಿಯಲ್ಲಿ ಸಂಕೋಚವಿಲ್ಲದೆ ಕನ್ನಡದಲ್ಲಿ ಮಾತನಾಡಿ. ಲೆಕ್ಕದ ಪಾಠವೆಂದು ಆರಂಭಿಸಿದ್ದು ಅನೇಕ ಸಲ ಪ್ರಶ್ನೆಯನ್ನು ಓದುವ ಪಾಠವಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ರಾತ್ರಿಯ ಸಂದೇಶಗಳಿಗೆ ಒಂದು ನಿಯಮ ಸಾಕು: 8 ಗಂಟೆಯವರೆಗೆ ಬಂದ ಪ್ರಶ್ನೆಗೆ ಮರುದಿನ ಬೆಳಿಗ್ಗೆ ಉತ್ತರ, ನೋಟ್‌ಬುಕ್ಕಿನ ಫೋಟೊ ಇಲ್ಲದ ಪ್ರಶ್ನೆಗೆ ಉತ್ತರವಿಲ್ಲ. ತಪ್ಪಿದ ಸಾಲಿಗೆ ಗುರುತು ಹಾಕಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸುವುದು ಉದ್ದುದ್ದ ಬೆರಳಚ್ಚು ಮಾಡುವುದಕ್ಕಿಂತ ಸುಲಭ, ಕೇಳುವವರಿಗೂ ಹಿತ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಹಗಲು ತರಗತಿಯ ಪಾಠ ಎಂದಿನಂತೆ ನಡೆಯುತ್ತದೆ. ಸಂಜೆಯ ಅಭ್ಯಾಸಕ್ಕೆ ವೀಡಿಯೊ ಪಾಠ ಮತ್ತು ಲೆಕ್ಕಗಳನ್ನು ಮನೆಯವರ ಫೋನ್‌ಗೆ ಕಳುಹಿಸುತ್ತೇನೆ. ಹತ್ತನೇ ತರಗತಿಯ 40 ಮಕ್ಕಳಲ್ಲಿ ಅರ್ಧದಷ್ಟು ಜನ ಅದನ್ನು ನೋಡಿಯೇ ಇರುವುದಿಲ್ಲ. ಫೋನ್ ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಬಿಡುವಿನ ದಿನ ವಿಶೇಷ ತರಗತಿ ಇಟ್ಟರೆ ಈರುಳ್ಳಿ ಕೀಳುವ, ಮೆಕ್ಕೆಜೋಳ ಮುರಿಯುವ ವಾರಗಳಲ್ಲಿ ಯಾರೂ ಬರುವುದಿಲ್ಲ. ಬೇರೆ ದಾರಿ ಇದೆಯೇ?
ಸಹ ಶಿಕ್ಷಕ, ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ಶಾಲೆಯ ಸ್ಥಿತಿ ಅಪರೂಪದ್ದಲ್ಲ. ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಯನ್ನು ತಿಳಿಯಲು 2021ರಲ್ಲಿ ನಡೆದ ‘ಅಸರ್’ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಭಾಗದ ಶಾಲಾಮಕ್ಕಳಲ್ಲಿ ಮೂರನೇ ಎರಡರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಹಾಗೆ ಫೋನ್ ಇದ್ದ ಮನೆಗಳಲ್ಲೂ ಸುಮಾರು ಕಾಲು ಭಾಗದ ಮಕ್ಕಳಿಗೆ ಅದು ಓದಲು ಒಮ್ಮೆಯೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಫೋನ್ ಇದೆ ಎಂಬುದೇ ಬೇರೆ, ಮಗುವಿನ ಕೈಗೆ ಫೋನ್ ಬರುತ್ತದೆ ಎಂಬುದೇ ಬೇರೆ.

ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ನಮ್ಮ ರಾಜ್ಯವೇ ಇದನ್ನು ಅನುಭವಿಸಿ ತಿಳಿದುಕೊಂಡಿತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಯವರಿಗೆ ‘ಸಂವೇದ’ ಪಾಠಗಳು ಆರಂಭವಾದವು. ಅದರ ಬೆನ್ನಿಗೇ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಫೋನ್ ಇಲ್ಲದ ಮಕ್ಕಳು, ಸಾದಾ ಫೋನ್ ಇರುವವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮಕ್ಕಳನ್ನು ಮೂರಾಗಿ ಗುರುತಿಸಿ, ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ, ಸಮುದಾಯ ಭವನದಲ್ಲಿ ಶಿಕ್ಷಕರೇ ಹೋಗಿ ಕುಳಿತರು. ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಂತು, 2021ರ ಜನವರಿಯಲ್ಲಿ ಬದಲಾದ ರೂಪದಲ್ಲಿ ಮರಳಿತು. ಸೋಂಕಿನ ಕಾಲದ ಆ ಏರ್ಪಾಡನ್ನು ಹಾಗೆಯೇ ಎತ್ತಿ ತರಬೇಕಿಲ್ಲ, ಆದರೆ ಆ ಮೂರು ಪಟ್ಟಿಗಳನ್ನು ಇಂದೂ ಮಾಡಿಕೊಳ್ಳಬಹುದು. ನಿಮ್ಮ 40 ಮಕ್ಕಳಿಗೆ ಒಂದೇ ವೀಡಿಯೊ ಕಳುಹಿಸುವ ಬದಲು, ಯಾರಿಗೆ ವೀಡಿಯೊ, ಯಾರಿಗೆ ಕರೆ, ಯಾರಿಗೆ ಕಾಗದ ಎಂಬುದನ್ನು ಮೊದಲು ನಿರ್ಧರಿಸಿ.

ಇವುಗಳಲ್ಲಿ ಸಾದಾ ಕರೆಯ ಬಗ್ಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಅದಕ್ಕೆ ಪುರಾವೆ ಇದೆ. ಶಾಲೆಗಳು ಮುಚ್ಚಿದ್ದಾಗ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಸಾವಿರಾರು ಕುಟುಂಬಗಳೊಡನೆ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಲೆಕ್ಕಗಳ ಎಸ್ಸೆಮ್ಮೆಸ್ ಮಾತ್ರ ಹೋಯಿತು. ಇನ್ನು ಕೆಲವಕ್ಕೆ ಎಸ್ಸೆಮ್ಮೆಸ್ ಜೊತೆಗೆ ಶಿಕ್ಷಕರಿಂದ ಸುಮಾರು ಇಪ್ಪತ್ತು ನಿಮಿಷದ ಕರೆಯೂ ಹೋಯಿತು. ಸಂದೇಶವಷ್ಟೇ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಕರೆ ಹೋದ ಮನೆಗಳಲ್ಲಿ ಮಕ್ಕಳ ಕಲಿಕೆ ಸ್ಪಷ್ಟವಾಗಿ ಹೆಚ್ಚಿತು. ಆನಂತರ ಭಾರತವೂ ಸೇರಿ ಬೇರೆ ದೇಶಗಳಲ್ಲೂ ಇದನ್ನು ಪರೀಕ್ಷಿಸಿದರು, ಫಲ ಅದೇ ದಿಕ್ಕಿನಲ್ಲಿತ್ತು. ಅಲ್ಲಿ ಕಲಿಸಿದ್ದು ಪ್ರಾಥಮಿಕ ಹಂತದ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕಗಳನ್ನು ಎಂಬುದನ್ನು ಮರೆಯಬಾರದು. ಹತ್ತನೇ ತರಗತಿಯ ರೇಖಾಗಣಿತವನ್ನು ಫೋನಿನಲ್ಲಿ ಕಲಿಸಲು ಹೊರಟರೆ ಇಬ್ಬರಿಗೂ ತಲೆನೋವು.

ಆದರೆ ನಿಮ್ಮ ಹಿಂದುಳಿದ ಮಕ್ಕಳಲ್ಲಿ ಎಷ್ಟು ಜನ ನಿಜವಾಗಿ ಹತ್ತನೇ ತರಗತಿಯ ಪಾಠದಲ್ಲಿ ಸಿಕ್ಕಿಬಿದ್ದಿದ್ದಾರೆ? ವರ್ಗ ಸಮೀಕರಣದ ಅಪವರ್ತನದಲ್ಲಿ ಗುಣಲಬ್ಧ 6, ಮೊತ್ತ ಋಣ 5 ಬರುವ ಎರಡು ಸಂಖ್ಯೆಗಳನ್ನು ಹುಡುಕಬೇಕಾದಾಗ ಮಗು 2 ಮತ್ತು 3 ಎಂದು ಬರೆದರೆ, ಅದಕ್ಕೆ ಬಾರದಿರುವುದು ವರ್ಗ ಸಮೀಕರಣವಲ್ಲ, ಏಳನೇ ತರಗತಿಯ ಪೂರ್ಣಾಂಕಗಳು. ಅದೇ ಅಧ್ಯಾಯವನ್ನು ಭಾನುವಾರ ಇನ್ನೊಮ್ಮೆ ದೊಡ್ಡ ದನಿಯಲ್ಲಿ ವಿವರಿಸುವ ವಿಶೇಷ ತರಗತಿ ಈ ಮಗುವಿಗೆ ಏನನ್ನೂ ಕೊಡುವುದಿಲ್ಲ. ಋಣ ಸಂಖ್ಯೆಗಳ ಹತ್ತು ನಿಮಿಷದ ಅಭ್ಯಾಸ ಕೊಡುತ್ತದೆ, ಮತ್ತು ಅದನ್ನು ಫೋನಿನಲ್ಲಿ ಮಾಡಿಸಬಹುದು. ಹಿಂದಿನ ತರಗತಿಗಳ ಕಲಿಕೆಯನ್ನು ಅಳೆಯಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬೀರುವಿನಿಂದ ಹೊರತೆಗೆದು ನೋಡಿ. ಯಾರು ಯಾವ ತರಗತಿಯ ಗಣಿತದಲ್ಲಿ ನಿಂತಿದ್ದಾರೆಂಬುದು ಅದರಲ್ಲಿ ಇದ್ದೇ ಇರುತ್ತದೆ.

40 ಮಕ್ಕಳಿಗೂ ಕಾಲು ಗಂಟೆಯಂತೆ ಕರೆ ಮಾಡಿದರೆ ವಾರಕ್ಕೆ ಹತ್ತು ಗಂಟೆ, ಅದು ಯಾರಿಂದಲೂ ಆಗದು. ಎಂಟು ಮಕ್ಕಳನ್ನು ಆರಿಸಿದರೆ ಎರಡು ಗಂಟೆ. ನಾಲ್ಕು ವಾರದ ನಂತರ ಗುಂಪನ್ನು ಬದಲಿಸಿ. ಹಗಲು ಶಾಲೆಯಲ್ಲೇ ಮೂರು ಲೆಕ್ಕದ ಚೀಟಿ ಕೊಟ್ಟು ಕಳುಹಿಸಿ, ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ ಮೇಲೆ, ಏಳೂವರೆಯ ನಂತರ, ಗೊತ್ತುಮಾಡಿದ ದಿನದಲ್ಲೇ ಕರೆ ಮಾಡಿ. ಮೊದಲು ಮನೆಯ ಹಿರಿಯರೊಡನೆ ಒಂದೆರಡು ಮಾತಾಡಿ, ಫೋನನ್ನು ಸ್ಪೀಕರಿಗೆ ಹಾಕಲು ಹೇಳಿ. ನಂತರ ಮಗು ತಾನು ಮಾಡಿದ ಹಂತಗಳನ್ನು ಗಟ್ಟಿಯಾಗಿ ಓದಲಿ, ಐದು ನಿಮಿಷ ನೀವು ತಿದ್ದದೆ ಕೇಳಿ. ಇದು ಹೇಳಿದಷ್ಟು ಸುಲಭವಲ್ಲ. ಬಾಯಿಗೆ ಬಂದ ವಿವರಣೆಯನ್ನು ತಡೆದುಕೊಳ್ಳುವುದು ಗಣಿತ ಶಿಕ್ಷಕರಿಗೆ ಬಹಳ ಕಷ್ಟ.

ಫೋನೇ ಇಲ್ಲದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ನೋಡಿ. 2020ರ ನವೆಂಬರಿನಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದೆ. ಕಂಪ್ಯೂಟರ್ ಇರುವ ಕಡೆ ನಿಮ್ಮ ವೀಡಿಯೊಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟಿಡಬಹುದು. ಇಲ್ಲದ ಕಡೆಯೂ ನಾಲ್ಕು ಮಕ್ಕಳು ಕುಳಿತು ಲೆಕ್ಕ ಮಾಡಲು ದೀಪ ಮತ್ತು ಮೇಜು ಇರುತ್ತವೆ. ಸುಗ್ಗಿಯ ವಾರಗಳ ಬಗ್ಗೆ ಹೋರಾಡಬೇಡಿ. ಆ ವಾರಗಳಲ್ಲಿ ಬಿಡುವಿನ ದಿನದ ತರಗತಿಯನ್ನು ಬಿಟ್ಟು ಚೀಟಿ ಮತ್ತು ಕರೆಗಳನ್ನು ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಆನ್‌ಲೈನ್ ಪಾಠದ ಕೊನೆಗೆ ಸರ್ ‘ಅರ್ಥವಾಯಿತೇ’ ಎಂದರೆ ಎಲ್ಲರೂ ‘ಯೆಸ್ ಸರ್’ ಎಂದು ಟೈಪ್ ಮಾಡುತ್ತಾರೆ, ನಾನೂ ಮಾಡುತ್ತೇನೆ. ಮರುದಿನ ಕಾಲೇಜಿನಲ್ಲಿ ಕೇಳೋಣವೆಂದರೆ ಧೈರ್ಯ ಬರುವುದಿಲ್ಲ. ಒಮ್ಮೆ ಕೇಳಿದಾಗ ಹಿಂದಿನ ಸಾಲಿನವರು ನಕ್ಕರು.
ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ನಕ್ಕವರಲ್ಲಿ ಅರ್ಧ ಜನಕ್ಕೂ ಅದು ತಿಳಿದಿರಲಾರದು, ಆದರೆ ಈ ಸಮಾಧಾನದಿಂದ ನಿಮ್ಮ ಲೆಕ್ಕ ಬಗೆಹರಿಯುವುದಿಲ್ಲ. ಆದ್ದರಿಂದ ಕೇಳುವ ಕ್ರಮವನ್ನೇ ಸ್ವಲ್ಪ ಬದಲಿಸಿ ನೋಡಿ. ‘ಸರ್, ನನಗೆ ಅರ್ಥವಾಗಲಿಲ್ಲ’ ಎಂದರೆ ಅವರು ಇಡೀ ಪಾಠವನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಅವರಿಗೆ ಬೇಸರ, ನಿಮಗೆ ಮುಜುಗರ. ಎಲ್ಲಿಯವರೆಗೆ ತಿಳಿಯಿತು, ಎಲ್ಲಿ ನಿಂತಿತು ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಭೌತವಿಜ್ಞಾನದಲ್ಲಿ ವಿದ್ಯುತ್ ಮಂಡಲಕ್ಕೆ ಸಂಬಂಧಿಸಿದ ಕಿರ್ಚಾಫ್ ನಿಯಮವನ್ನೇ ತೆಗೆದುಕೊಳ್ಳಿ. ‘ಸರ್, ಕೋಶದ ಋಣ ತುದಿಯಿಂದ ಧನ ತುದಿಗೆ ಸಾಗುವಾಗ ಧನ ಚಿಹ್ನೆ ಹಾಕುವುದು ತಿಳಿಯಿತು, ರೋಧಕದಲ್ಲಿ ಪ್ರವಾಹದ ದಿಕ್ಕಿನಲ್ಲೇ ಸಾಗುವಾಗ ಋಣ ಚಿಹ್ನೆ ಏಕೆ?’ ಎಂದು ಕೇಳಿದರೆ ಉತ್ತರಕ್ಕೆ ಎರಡು ನಿಮಿಷ ಸಾಕು, ನಗುವವರಿಗೆ ಎಡೆಯಿಲ್ಲ. ಇಂಥ ಪ್ರಶ್ನೆ ಬರೆಯಲು ಕುಳಿತಾಗ ಕೆಲವೊಮ್ಮೆ ಉತ್ತರವೂ ಹೊಳೆದುಬಿಡುತ್ತದೆ.

ಪಾಠ ಜೂಮ್‌ನಲ್ಲಿ ನಡೆಯುತ್ತಿದ್ದರೆ, ಅವಕಾಶ ಕೊಟ್ಟಿದ್ದಲ್ಲಿ, ಉಪನ್ಯಾಸಕರಿಗೆ ಮಾತ್ರ ಕಾಣುವಂತೆ ಸಂದೇಶ ಬರೆಯಬಹುದು. ಕಾಲೇಜಿನಲ್ಲಾದರೆ ಒಬ್ಬರೇ ಹೋಗಬೇಡಿ, ಅದೇ ತೊಡಕಿರುವ ಇಬ್ಬರು ಗೆಳತಿಯರನ್ನು ಕರೆದುಕೊಂಡು ಪಾಠ ಮುಗಿದ ಕೂಡಲೇ ಮೇಜಿನ ಬಳಿ ಹೋಗಿ. ಸಂಜೆಗೆ ಮುಂದೂಡಿದ ಪ್ರಶ್ನೆ ಸಾಮಾನ್ಯವಾಗಿ ಕೇಳದೆಯೇ ಉಳಿಯುತ್ತದೆ. ಇನ್ನು ಆ ‘ಯೆಸ್ ಸರ್’ ವಿಚಾರ. ನೀವು ಹಾಗೆ ಟೈಪ್ ಮಾಡುವುದನ್ನು ನಿಲ್ಲಿಸಿದರೆ ಸಾಕು, ಬೇರೇನೂ ಬರೆಯಬೇಕಿಲ್ಲ. 80 ಜನರಲ್ಲಿ 30 ಜನ ಸುಮ್ಮನಿದ್ದರೆ ಉಪನ್ಯಾಸಕರಿಗೆ ವಿಷಯ ತಿಳಿಯುತ್ತದೆ. (ಇದನ್ನು ಓದುವ ಉಪನ್ಯಾಸಕರಲ್ಲಿ ಒಂದು ಮನವಿ: ‘ಅರ್ಥವಾಯಿತೇ’ ಎಂಬ ಪ್ರಶ್ನೆಗೆ ಈವರೆಗೆ ಯಾವ ತರಗತಿಯೂ ನಿಜ ಹೇಳಿಲ್ಲ. ಅದರ ಬದಲು ಒಂದು ಲೆಕ್ಕ ಕೊಟ್ಟು ಉತ್ತರದ ಅಂಕಿಯನ್ನು ಮಾತ್ರ ಬರೆಸಿ.)

ಪ್ರಶ್ನೆ: ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ. ಮಗ ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದಾನೆ. ವಾರದ ಕೆಲವು ಪಾಠಗಳು ರೆಕಾರ್ಡ್ ಆಗಿ ಬರುತ್ತವೆ, ಕಾಲೇಜಿನವರು ಎಷ್ಟು ಸಲ ಬೇಕಾದರೂ ನೋಡಬಹುದು ಎನ್ನುತ್ತಾರೆ. ಆದರೂ ಅಂಕ ಇಳಿದಿದೆ. ಟ್ಯೂಷನ್‌ಗೆ ಸೇರಿಸಬೇಕೇ?
ತಂದೆ, ಚಳ್ಳಕೆರೆ

ಉತ್ತರ: ಮೊದಲು ಕಾಲೇಜಿಗೆ ಹೋಗಿ ಮೂರು ವಿಷಯ ಕೇಳಿ: ಪಾಠದ ಹೊರಗೆ ವಿದ್ಯಾರ್ಥಿಯನ್ನು ನೋಡುವ ಸಮಯ ಯಾವುದು, ನಿಮ್ಮ ಮಗ ಈ ತಿಂಗಳು ಎಷ್ಟು ಸಲ ಹೋಗಿದ್ದಾನೆ, ಅವನ ಉತ್ತರಪತ್ರಿಕೆಯನ್ನು ಅವನೊಡನೆ ಕುಳಿತು ಯಾರಾದರೂ ನೋಡಿದ್ದಾರೆಯೇ. ಸರಿಯಾದ ಉತ್ತರ ಸಿಗದಿದ್ದರೆ, ನೀವು ಈಗಾಗಲೇ ಶುಲ್ಕ ಕೊಟ್ಟಿರುವ ಸಹಾಯವನ್ನೇ ಹೊರಗೆ ಇನ್ನೊಮ್ಮೆ ಕೊಳ್ಳಲು ಹೊರಟಿದ್ದೀರಿ ಎಂದರ್ಥ. ಅದನ್ನು ಪ್ರಾಂಶುಪಾಲರಿಗೆ ವಿನಯದಿಂದಲೇ, ಆದರೆ ಬರವಣಿಗೆಯಲ್ಲಿ ತಿಳಿಸಿ.

ರೆಕಾರ್ಡ್ ಆದ ಪಾಠದ ಮೇಲೆ ಹೆಚ್ಚು ಭರವಸೆ ಬೇಡ. ಹುಡುಗರು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾರೆ. ಕೇಳಿಸಿಕೊಂಡಾಗ ಎಲ್ಲವೂ ತಿಳಿದಂತೆ ಭಾಸವಾಗುತ್ತದೆ. ಪಾಠ ನೋಡಿದ ಮೇಲೆ ಫೋನ್ ಮತ್ತು ಪುಸ್ತಕ ಎರಡನ್ನೂ ಮುಚ್ಚಿ, ನೆನಪಿನಿಂದ ಒಂದು ಪುಟ ಬರೆಯಲು ಅವನಿಗೆ ಹೇಳಿ. ನಿಮಗೆ ವಿಷಯ ತಿಳಿಯದಿದ್ದರೂ ಪುಟ ತುಂಬಿದೆಯೋ ಖಾಲಿಯಿದೆಯೋ ಎಂಬುದು ಕಾಣುತ್ತದೆ. ಇಷ್ಟರ ನಂತರವೂ ಟ್ಯೂಷನ್ ಅಗತ್ಯವೆನಿಸಿದರೆ, 100 ಜನ ಕೂರುವ ಕಡೆಗೆ ಕಳುಹಿಸಬೇಡಿ. ಅದು ಟ್ಯೂಷನ್ ಅಲ್ಲ, ಇನ್ನೊಂದು ತರಗತಿ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಒಬ್ಬ ಶಿಕ್ಷಕರು ಪಾಠದ ನೆಪದಲ್ಲಿ ರಾತ್ರಿ ಅವಳೊಬ್ಬಳಿಗೇ ಸಂದೇಶ ಕಳುಹಿಸುತ್ತಾರೆ. ವಿಷಯ ಪಾಠದ್ದೇ ಆಗಿರುತ್ತದೆ. ಆಕ್ಷೇಪಿಸಿದರೆ ತಪ್ಪಾಗುತ್ತದೆಯೇ?
ತಾಯಿ, ಹರಿಹರ

ಉತ್ತರ: ತಪ್ಪಾಗುವುದಿಲ್ಲ. ಇಂದೇ ಮುಖ್ಯ ಶಿಕ್ಷಕರಿಗೆ ಹೇಳಿ, ಯಾರ ಮೇಲೂ ಆರೋಪ ಹೊರಿಸದೆ ಶಾಲೆಗೆಲ್ಲ ಅನ್ವಯಿಸುವ ನಿಯಮವನ್ನು ಕೇಳಿ. ಸಂದೇಶ ಪೋಷಕರ ಸಂಖ್ಯೆಗೇ ಬರಬೇಕು ಅಥವಾ ಪೋಷಕರೊಬ್ಬರು ಇರುವ ಗುಂಪಿಗೆ ಬರಬೇಕು, ವೀಡಿಯೊ ಕರೆಯಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳಿರಬೇಕು, ರಾತ್ರಿ 8ರ ನಂತರ ಏನೂ ಇರಬಾರದು. ಈ ನಿಯಮ ಒಳ್ಳೆಯ ಶಿಕ್ಷಕರನ್ನೂ ಕಾಪಾಡುತ್ತದೆ, ಅವರು ಸಂತೋಷದಿಂದಲೇ ಒಪ್ಪುತ್ತಾರೆ. ಸಂದೇಶಗಳನ್ನು ಅಳಿಸಬೇಡಿ. ಅವುಗಳ ಧಾಟಿ ಪಾಠದಿಂದ ಸ್ವಲ್ಪವೇ ಆಚೆ ಹೋದರೂ ಶಾಲೆಯವರಿಗಾಗಿ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಅನುದಾನಿತ ಶಾಲೆಯೊಂದರ ಮುಖ್ಯ ಶಿಕ್ಷಕ, ನಮ್ಮಲ್ಲಿ 6ರಿಂದ 10ನೇ ತರಗತಿಗಳಿವೆ. ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಪಾಠ ಮಾಡಿ ಎಂದರೆ, ಆನ್‌ಲೈನ್ ಕೆಲಸವೂ ಸೇರಿ ಹೊರೆ ಹೆಚ್ಚಾಗಿದೆ ಎಂದು ಶಿಕ್ಷಕರು ಒಪ್ಪುತ್ತಿಲ್ಲ. ಒಬ್ಬರು ಮಾತ್ರ ಅದೇ ಮಕ್ಕಳನ್ನು ಮನೆಗೆ ಕರೆಸಿ, ಶುಲ್ಕ ಪಡೆದು ಕಲಿಸುತ್ತಿದ್ದಾರೆ. ನಾನು ಯಾವ ನಿಲುವು ತೆಗೆದುಕೊಳ್ಳಬೇಕು?
ಮುಖ್ಯ ಶಿಕ್ಷಕ, ಚಿತ್ರದುರ್ಗ

ಉತ್ತರ: ಎರಡನೆಯದು ಸುಲಭ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ವ್ಯಾಪ್ತಿ 8ನೇ ತರಗತಿಯವರೆಗೆ ಮಾತ್ರ ಎಂದು ಅವರು ವಾದಿಸಬಹುದು; ಆದರೆ ತರಗತಿಯಲ್ಲಿ ಅರ್ಧ ಹೇಳಿ ಮನೆಯಲ್ಲಿ ಪೂರ್ಣಗೊಳಿಸುತ್ತಾರೆಂಬ ಸಂಶಯ ಒಮ್ಮೆ ಹುಟ್ಟಿದರೆ ತರಗತಿ ಯಾವುದೆಂಬುದು ಮುಖ್ಯವಾಗುವುದಿಲ್ಲ. ಅವರೊಡನೆ ಖಾಸಗಿಯಾಗಿ ಮಾತಾಡಿ, ನಿಲ್ಲಿಸಿ ಎಂದು ಸ್ಪಷ್ಟವಾಗಿ ಹೇಳಿ.

ಮೊದಲನೆಯದರಲ್ಲಿ ನಾನು ನಿಮ್ಮ ಶಿಕ್ಷಕರ ಪರವಾಗಿದ್ದೇನೆ. ಅದೇ ಕಾಯ್ದೆಯ 24ನೇ ಕಲಂ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ಕೊಡುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಸೇರಿಸಿದೆ. ಕರ್ತವ್ಯವೆಂದ ಮೇಲೆ ಅದಕ್ಕೆ ಕೆಲಸದ ವೇಳೆಯೊಳಗೇ ಜಾಗ ಬೇಕು. ಸಂಜೆ ಐದರ ನಂತರ ಉಪಕಾರದ ಲೆಕ್ಕದಲ್ಲಿ ಕೇಳುವುದು ಸರಿಯಲ್ಲ, ಬಸ್ಸಿಗೆ ಓಡಬೇಕಾದ ಶಿಕ್ಷಕಿಯರಿಂದಂತೂ ಸಾಧ್ಯವೇ ಇಲ್ಲ. ಆನ್‌ಲೈನ್ ಪಾಠ ಆರಂಭವಾದಾಗ ಹೊಸ ಕೆಲಸ ಸೇರಿತೇ ಹೊರತು ಹಳೆಯದರಲ್ಲಿ ಯಾವುದೂ ಕಡಿಮೆಯಾಗಲಿಲ್ಲ ಎಂಬುದು ಅವರ ದೂರಿನ ಒಳಗಿರುವ ಸತ್ಯ. ಆದ್ದರಿಂದ ಏನನ್ನಾದರೂ ತೆಗೆಯಿರಿ. ಒಂದೇ ಮಾಹಿತಿಯನ್ನು ರಿಜಿಸ್ಟರಿನಲ್ಲೂ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಎರಡೆರಡು ಸಲ ಬರೆಸುತ್ತಿದ್ದರೆ ಒಂದನ್ನು ನಿಲ್ಲಿಸಿ. ವಾರದಲ್ಲಿ ಎರಡು ದಿನ ಕೊನೆಯ ಅವಧಿಯನ್ನು ಇಡೀ ಶಾಲೆಗೆ ಪರಿಹಾರ ಬೋಧನೆಯ ಅವಧಿಯೆಂದು ವೇಳಾಪಟ್ಟಿಯಲ್ಲೇ ಬರೆಯಿರಿ. ಆ ಹೊತ್ತಿನಲ್ಲಿ ಮಕ್ಕಳು ತರಗತಿಯ ಪ್ರಕಾರವಲ್ಲ, ಕಲಿಕೆಯ ಮಟ್ಟದ ಪ್ರಕಾರ ಕೂರಲಿ. ಒಂಬತ್ತನೆಯ ಹುಡುಗನೂ ಆರನೆಯ ಹುಡುಗಿಯೂ ಭಾಗಾಕಾರಕ್ಕೆ ಒಂದೇ ಕೋಣೆಯಲ್ಲಿರಬಹುದು. ಚೆನ್ನಾಗಿ ಓದುವ ಮಕ್ಕಳು ಗ್ರಂಥಾಲಯಕ್ಕೆ ಹೋಗಲಿ, ಅವರನ್ನು ಪುಕ್ಕಟೆ ಶಿಕ್ಷಕರನ್ನಾಗಿ ಮಾಡುವ ಆಸೆ ಬೇಡ. ಈ ವ್ಯವಸ್ಥೆ ಕೆಲವು ತಿಂಗಳು ನಡೆದ ಮೇಲೆ, ಪರೀಕ್ಷೆ ಹತ್ತಿರವಾದಾಗ ಕೆಲವು ಸಂಜೆ ಉಳಿಯಬೇಕೆಂದು ನೀವು ಕೇಳಿದರೆ ಒಪ್ಪುವ ಶಿಕ್ಷಕರು ಸಿಗುತ್ತಾರೆ. ಅವರಿಗೆ ಆಡಳಿತ ಮಂಡಳಿಯಿಂದ ಗೌರವಧನ ಕೊಡಿಸುವ ಪ್ರಸ್ತಾವವನ್ನು ಈಗಲೇ ಬರೆದು ಸಲ್ಲಿಸಿ.